ಓಟಗಾರನೂ ಓಲೆಕಾರನೂ

ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುವ ಮನುಷ್ಯನನ್ನು ಕಂಡರೆ ನೋಡಿದವರಿಗೆ ನಗು ಬರುವುದು ಸಹಜ. ಜಿಲ್ಲಾ ಪಟ್ಟಣವೊಂದರ ಹಳೆಯ ಬೀದಿಯ ಮಹಡಿ ಮನೆಯಲ್ಲಿ ಒಂದು ಬೆಳಗ್ಗೆ ಅಂತಹ ದೃಶ್ಯವೊಂದು ನಡೆಯಿತು. ಆ ಮನೆಯ ತರುಣನು ಎರಡು ದಿನಗಳ ಹಿಂದೆ ದೂರದ ನಗರದಲ್ಲಿ ೪೨ ಕಿಲೋಮೀಟರಿಗೂ ಮೇಲ್ಪಟ್ಟ ಮ್ಯಾರಥಾನ್ ಓಟವನ್ನು ಓಡಿ ಮುಗಿಸಿ ಬಂದಿದ್ದನು. ಓಡಿದ ದಿನ ಅಷ್ಟಾಗಿ ತೋರದಿದ್ದ ನೋವು ಎರಡನೆಯ ಬೆಳಗ್ಗೆ ತೊಡೆಗಳಲ್ಲಿ ಬಂದು ನೆಲಸಿತ್ತು. ಒಂದು ಕೈಯಿಂದ ಗೋಡೆಯನ್ನೂ ಇನ್ನೊಂದರಿಂದ ಕಟಕಟೆಯನ್ನೂ ಹಿಡಿದು, ಬೆನ್ನನ್ನು ಮುಂದೆ ಮಾಡಿಕೊಂಡು, ಅವನು ಒಂದೊಂದೇ ಮೆಟ್ಟಿಲನ್ನು ಇಳಿಯುತ್ತಿದ್ದನು.

ಕೆಳಗೆ ಹೂ ಬಿಡಿಸುತ್ತ ಕುಳಿತಿದ್ದ ತಾಯಿ ತಲೆಯೆತ್ತಿ ನೋಡಿದಳು. “ನಿನಗೆ ಎರಡು ವರ್ಷವಾಗಿದ್ದಾಗಲೂ ಹೀಗೆಯೇ ಇಳಿಯುತ್ತಿದ್ದೆಯಪ್ಪಾ. ಆಗ ಹಿಡಿದುಕೊಳ್ಳುವುದಕ್ಕೆ ನಾನು ಹಿಂದೆ ನಿಲ್ಲುತ್ತಿದ್ದೆ” ಎಂದಳು.

ತರುಣನು ನಕ್ಕು, ಅಡಿಗೆಯ ಮನೆಯ ಕಿಟಕಿಯ ಬಳಿಗೆ ಹೋದನು. ಅಲ್ಲಿ ಎರಡು ಬಗೆಯ ಮಾತ್ರೆಗಳಿದ್ದುವು. ಒಂದು, ಅವನದೇ ಸೀಸೆಗಳು: ಒಂದರಲ್ಲಿ ಕಿತ್ತಳೆಯ ಬಣ್ಣದ ‘ಸಿ’ ಜೀವಸತ್ವದ ಮಾತ್ರೆ, ಒಂದೊಂದರಲ್ಲಿ ೧೦೦೦ ಮಿಲಿಗ್ರಾಂ, ಇನ್ನೊಂದರಲ್ಲಿ ‘ಇ’ ಜೀವಸತ್ವದ ಎಣ್ಣೆಗುಳಿಗೆ. ಎರಡನೆಯದು ತಾಯಿಯದು: ರಕ್ತ ಕಡಮೆಯಾಗಿದೆಯೆಂದು ಡಾಕ್ಟರರು ಬರೆದುಕೊಟ್ಟಿದ್ದ ಕಬ್ಬಿಣಾಂಶದ ಮಾತ್ರೆ. ಅವನು ತನ್ನ ಪಾಲಿನ ಎರಡನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದನು.

“ನೋವಾಗುತ್ತದೆಂದು ತಿಳಿದೂ ಓಡುತ್ತೀಯೆ, ಬಂದ ನೋವನ್ನು ಓಡಿಸುವುದಕ್ಕೆ ಮಾತ್ರೆ ನುಂಗುತ್ತೀಯೆ. ಎರಡರಲ್ಲಿ ನಿನಗೆ ಬೇಕಾದುದು ಯಾವುದು?” ಎಂದು ತಾಯಿ ಕೇಳಿದಳು.

ಅವಳದು ಹಾಸ್ಯದ ಮಾತು. ಆದರೆ ಅವನು ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಕಲಿಸುವವನು. ಪರೀಕ್ಷಿಸದೆ ಯಾವುದನ್ನೂ ನಂಬಬೇಡಿರೆಂದು ದಿನವೂ ಹುಡುಗರಿಗೆ ಹೇಳುವವನಿಗೆ, ಮೂರು ವರ್ಷಗಳಿಂದ ತಾನೇ ನುಂಗುತ್ತಿದ್ದ ಮಾತ್ರೆಯ ವಿಷಯದಲ್ಲಿ ಹೇಳಲು ಒಂದು ಉತ್ತರವೂ ಇರಲಿಲ್ಲ. ಜೊತೆಯ ಓಟಗಾರರೆಲ್ಲ ತೆಗೆದುಕೊಳ್ಳುತ್ತಿದ್ದರು, ಅವನೂ ತೆಗೆದುಕೊಳ್ಳುತ್ತಿದ್ದನು. ಆ ಪ್ರಶ್ನೆ ಅವನನ್ನು ಆ ಬೇಸಗೆಯೆಲ್ಲ ಓದಿಗೆ ಹಚ್ಚಿತು.

ಜೀವಸತ್ವಗಳ ಕಥೆ ಮನುಷ್ಯನು ಹೆಮ್ಮೆಪಡತಕ್ಕ ಕಥೆಗಳಲ್ಲೊಂದು. ೧೭೪೭ರಲ್ಲಿ ಸಾಲಿಸ್‌ಬರಿ ಎಂಬ ಇಂಗ್ಲಿಷ್ ಯುದ್ಧನೌಕೆಯಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯನು, ಒಸಡು ಕೊಳೆತು ಮೈ ಸೋಲುವ ಸ್ಕರ್ವಿ ರೋಗದಿಂದ ನರಳುತ್ತಿದ್ದ ೧೨ ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಜೋಡಿಗೊಂದು ಬಗೆಯ ಚಿಕಿತ್ಸೆ ಕೊಟ್ಟನು. ಕಿತ್ತಳೆ ನಿಂಬೆಗಳನ್ನು ತಿಂದ ಇಬ್ಬರು ಆರೇ ದಿನಗಳಲ್ಲಿ ಚೇತರಿಸಿಕೊಂಡರು. ಹಣ್ಣಿನೊಳಗಿನ ಆ ವಸ್ತು ಏನೆಂಬುದು ತಿಳಿಯುವುದಕ್ಕೆ ಇನ್ನೂ ಸುಮಾರು ಎರಡು ಶತಮಾನ ಬೇಕಾಯಿತು. ೧೯೧೨ರಲ್ಲಿ ಕಾಸಿಮಿರ್ ಫಂಕ್ ಎಂಬಾತನು ಇಂತಹ ವಸ್ತುಗಳಿಗೆ ವಿಟಮಿನ್ ಎಂಬ ಹೆಸರನ್ನಿಟ್ಟನು. ೧೯೨೨ರಲ್ಲಿ ಕ್ಯಾಲಿಫೋರ್ನಿಯದ ಹರ್ಬರ್ಟ್ ಇವಾನ್ಸ್, ಕ್ಯಾಥರಿನ್ ಬಿಷಪ್ ಎಂಬಿಬ್ಬರು ‘ಇ’ ಜೀವಸತ್ವವನ್ನು ಕಂಡುಹಿಡಿದರು. ‘ಸಿ’ ಜೀವಸತ್ವವನ್ನು ಬೇರ್ಪಡಿಸಿ ತೆಗೆದ ಹಂಗೆರಿಯ ಆಲ್ಬರ್ಟ್ ಸೆಂಟ್ ಗ್ಯೋರ್ಗಿ, ತಾನಿದ್ದ ಊರಾದ ಸೆಗೆಡ್ಡಿನ ಕೆಂಪು ಮೆಣಸಿನಕಾಯಿಯಲ್ಲಿ ಅದು ಹೇರಳವಾಗಿರುವುದನ್ನು ಕಂಡನು. ೧೯೩೭ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಇಷ್ಟರವರೆಗೆ ಎಲ್ಲವೂ ಕೊರತೆಯ ಕಥೆ. ದೇಹಕ್ಕೆ ಇಲ್ಲದುದನ್ನು ಕೊಟ್ಟರೆ ದೇಹವು ಚಿಗುರಿತು. ಹಾಗಾದರೆ, ಕೊರತೆಯೇ ಇಲ್ಲದ ಗಟ್ಟಿಮುಟ್ಟಾದ ಓಟಗಾರನ ಜೇಬಿಗೆ ಈ ಮಾತ್ರೆ ಬಂದುದು ಹೇಗೆ?

ಅದಕ್ಕೆ ಕಾರಣ ಬೆಂಕಿ. ಮನುಷ್ಯನು ಉಂಡ ಅನ್ನವೂ ಉಸಿರಾಡಿದ ಪ್ರಾಣವಾಯುವೂ ಜೀವಕೋಶಗಳೊಳಗೆ ಸೇರಿ ಶಕ್ತಿಯಾಗುವ ಎಡೆಗಳುಂಟು. ಮೈಟೊಕಾಂಡ್ರಿಯಗಳೆಂಬ ಅವುಗಳನ್ನು ಕಣ್ಣಿಗೆ ಕಾಣದ ಒಲೆಗಳೆನ್ನಬಹುದು. ಒಲೆಯಿದ್ದ ಮೇಲೆ ಕಿಡಿ ಹಾರದಿರುವುದಿಲ್ಲ. ಜೊತೆ ತಪ್ಪಿದ ಎಲೆಕ್ಟ್ರಾನನ್ನು ಹೊತ್ತು ಕಂಡಕಂಡುದನ್ನು ಕಚ್ಚುವ ಈ ಕಿಡಿಗಳಿಗೆ ಮುಕ್ತ ರಾಡಿಕಲ್‌ಗಳೆಂದು ಹೆಸರು. ಮುಪ್ಪು ಬರುವುದಕ್ಕೆ ಇವೇ ಕಾರಣವಿರಬೇಕೆಂದು ಡೆನ್‌ಹಮ್ ಹಾರ್ಮನ್ ೧೯೫೬ರಲ್ಲಿ ವಾದಿಸಿದನು. ಬಳಲಿ ಬೀಳುವವರೆಗೆ ಓಡಿಸಿದ ಇಲಿಗಳ ಸ್ನಾಯುಗಳಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಇವು ಎರಡು ಮೂರು ಪಟ್ಟು ಹೆಚ್ಚುವುವೆಂದು ೧೯೮೨ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ತೋರಿಸಿದರು. ‘ಸಿ’, ‘ಇ’ ಜೀವಸತ್ವಗಳಾದರೋ ಇಂತಹ ಕಿಡಿಗಳನ್ನು ಆರಿಸತಕ್ಕವು. ಅದರಿಂದಲೇ ಅವಕ್ಕೆ ಉತ್ಕರ್ಷಣ ನಿರೋಧಕಗಳೆಂಬ ಹೆಸರು. ಇದರ ನಡುವೆ, ಎರಡು ಸಲ ನೊಬೆಲ್ ಪಾರಿತೋಷಕ ಪಡೆದ ಲೈನಸ್ ಪೌಲಿಂಗನು ೧೯೭೦ರಲ್ಲಿ ‘ಸಿ’ ಜೀವಸತ್ವವನ್ನೂ ನೆಗಡಿಯನ್ನೂ ಕುರಿತು ಪುಸ್ತಕ ಬರೆದು, ಅದನ್ನು ಬಹುವಾಗಿ ಸೇವಿಸಬೇಕೆಂದು ಸಾರಿದ್ದನು. ಅಂತಹವನ ಮಾತಿಗೆ ಮಾರುಕಟ್ಟೆಯಲ್ಲಿ ಬೆಲೆ ಬಾರದಿರುವುದುಂಟೆ?

ಹೀಗೆ ಒಂದು ಅನುಮಾನವಾಕ್ಯ ಸಿದ್ಧವಾಯಿತು. ಓಟದಿಂದ ಕಿಡಿ ಹುಟ್ಟುತ್ತದೆ. ಓಟದಿಂದ ನೋವೂ ಹುಟ್ಟುತ್ತದೆ. ಆದುದರಿಂದ ಕಿಡಿಯೇ ನೋವಿಗೆ ಕಾರಣ. ಕಿಡಿಯನ್ನು ಆರಿಸಿದರೆ ನೋವು ಇಲ್ಲ. ಹೆಚ್ಚು ಆರಿಸಿದಷ್ಟೂ ಹೆಚ್ಚು ಒಳ್ಳೆಯದು.

ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿ ಎಳೆಯ ವಿದ್ಯಾರ್ಥಿಗೆ ಒಂದು ಎಚ್ಚರಿಕೆಯನ್ನು ಹೇಳುವರು. ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬ ಮಾತು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದರೆ ತಪ್ಪು. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಬಾಯಿಬಿಟ್ಟು ಹೇಳದೆ ಒಳಗೇ ಅಡಗಿರುವ ಆ ಹಸಿ ಸೌದೆಗೆ ಉಪಾಧಿಯೆಂದು ಹೆಸರು. ಜೀವಸತ್ವವು ಮನುಷ್ಯನನ್ನು ಚೇತರಿಸುತ್ತದೆಂಬ ಮಾತಿನಲ್ಲಿಯೂ ಅಂತಹ ಒಂದು ಉಪಾಧಿ ಅಡಗಿದೆ. ಲಿಂಡನ ನಾವಿಕರಲ್ಲಿದ್ದ ಕೊರತೆಯೇ ಆ ಉಪಾಧಿ. ಅದನ್ನು ಮರೆತು ಮಾತನ್ನು ಮಾತ್ರ ಎತ್ತಿಕೊಂಡು ಬಂದುದರಿಂದ ಮುಂದಿನ ಗೊಂದಲವೆಲ್ಲ ಹುಟ್ಟಿತು.

ಓಟಗಾರರಿಗೆ ಈ ಮಾತ್ರೆಗಳಲ್ಲಿ ನಂಬಿಕೆ ಹುಟ್ಟಿಸಿದ ಪರೀಕ್ಷೆಗಳಲ್ಲಿ ಒಂದು ದಕ್ಷಿಣ ಆಫ್ರಿಕದಿಂದ ಬಂದಿತು. ಅಲ್ಲಿ ಪೀಟರ್‌ಮಾರಿಟ್ಜ್‌ಬರ್ಗಿಗೂ ಡರ್ಬನ್ನಿಗೂ ನಡುವೆ ಸುಮಾರು ೯೦ ಕಿಲೋಮೀಟರು ದೂರದ ಕಾಮ್ರೇಡ್ಸ್ ಎಂಬ ಓಟವೊಂದುಂಟು. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಜೊತೆಗಾರರ ನೆನಪಿಗಾಗಿ ವಿಕ್ ಕ್ಲ್ಯಾಪಮ್ ಎಂಬ ಸೈನಿಕನು ೧೯೨೧ರಲ್ಲಿ ಅದನ್ನು ಮೊದಲು ಮಾಡಿದನು. ಆ ವರ್ಷ ಓಡಲು ಹೊರಟವರು ೩೪ ಮಂದಿ, ಗುರಿ ಮುಟ್ಟಿದವರು ೧೬ ಮಂದಿ. ೧೮೯೩ರಲ್ಲಿ ಗಾಂಧೀಜಿಯನ್ನು ರೈಲಿನಿಂದ ಹೊರಕ್ಕೆ ತಳ್ಳಿದ ಊರೇ ಪೀಟರ್‌ಮಾರಿಟ್ಜ್‌ಬರ್ಗ್; ಆದುದರಿಂದ ಭಾರತೀಯರಿಗೆ ಆ ಹೆಸರು ಹೊಸದಲ್ಲ. ಈಚಿನ ವರ್ಷಗಳಲ್ಲಿ ಈ ದೇಶದ ಓಟಗಾರರೂ ನೂರಾರು ಸಂಖ್ಯೆಯಲ್ಲಿ ಅಲ್ಲಿಗೆ ಹೋಗುತ್ತಾರೆ. ಹನ್ನೆರಡು ಗಂಟೆಗಳ ಅವಧಿ ತೀರುತ್ತಲೆ ಅಧಿಕಾರಿಯೊಬ್ಬನು ಬರುತ್ತಿರುವ ಓಟಗಾರರಿಗೆ ಬೆನ್ನು ತಿರುಗಿಸಿ ನಿಂತು ತುಪಾಕಿಯನ್ನು ಹಾರಿಸುವನು. ಅನಂತರ ಬಂದವನು ಒಂದೇ ಹೆಜ್ಜೆ ಹಿಂದಿದ್ದರೂ ಓಡಿದವರ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮ ತರುಣನ ಮನಸ್ಸು ಬಹುಕಾಲದಿಂದ ಆ ಓಟದ ಮೇಲಿತ್ತು. ತನಗೆ ಬೆನ್ನು ತಿರುಗಿಸಿ ನಿಂತ ಆ ಮನುಷ್ಯನು ಒಮ್ಮೊಮ್ಮೆ ಅವನ ಕನಸಿನಲ್ಲಿಯೂ ಬರುತ್ತಿದ್ದನಂತೆ. ಮಾತ್ರೆಯನ್ನು ನುಂಗಿಸುತ್ತಿದ್ದುದು, ನಿಜವಾಗಿ, ಆ ಭಯವೇ.

೧೯೯೩ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಈ ಓಟದವರ ಒಂದು ಗುಂಪಿಗೆ ಓಟಕ್ಕೆ ಮುಂಚೆ ೨೧ ದಿನ ದಿನಕ್ಕೆ ೬೦೦ ಮಿಲಿಗ್ರಾಂ ‘ಸಿ’ ಜೀವಸತ್ವವನ್ನೂ ಇನ್ನೊಂದು ಗುಂಪಿಗೆ ಸತ್ವವಿಲ್ಲದ ಹುಸಿಮಾತ್ರೆಯನ್ನೂ ಕೊಟ್ಟರು. ಓಟದ ಅನಂತರದ ಎರಡು ವಾರಗಳಲ್ಲಿ ಹುಸಿಮಾತ್ರೆಯವರಲ್ಲಿ ನೂರಕ್ಕೆ ೬೮ ಮಂದಿಗೆ ನೆಗಡಿ ಗಂಟಲುನೋವುಗಳು ಬಂದುವು. ಜೀವಸತ್ವ ತೆಗೆದುಕೊಂಡವರಲ್ಲಿ ನೂರಕ್ಕೆ ೩೩ ಮಂದಿಗೆ ಮಾತ್ರ. ಮುಂದೆ ಇಂತಹ ಐದು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಮ್ಯಾರಥಾನ್ ಓಟಗಾರರು, ಹಿಮದ ಮೇಲೆ ಜಾರುವವರು, ಶೀತಪ್ರದೇಶದ ಸೈನಿಕರು ಈ ಮೊದಲಾಗಿ ೫೯೮ ಮಂದಿಯಲ್ಲಿ ನೆಗಡಿ ಅರ್ಧಕ್ಕೆ ಇಳಿದಿತ್ತು. ಸಾಮಾನ್ಯ ಜನರಲ್ಲಾದರೋ ಅಂತಹ ರಕ್ಷಣೆ ಕಾಣಲಿಲ್ಲ. ಇದನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ಈ ಪರೀಕ್ಷೆಗಳು ಹೇಳಿದುದು ಗಂಟಲಿನ ಮಾತು, ಓಟಗಾರರು ಕೇಳಿಸಿಕೊಂಡುದು ತೊಡೆಯ ಮಾತು. ಗಂಟಲಿಗೆ ಒಳ್ಳೆಯದಾದರೆ ಸ್ನಾಯುವಿಗೂ ಒಳ್ಳೆಯದಾಗಿರಲೇಬೇಕೆಂದು ಅವರೇ ಸೇರಿಸಿಕೊಂಡರು.

ಹಾಗಾದರೆ ತೊಡೆಯ ನೋವು ಎಲ್ಲಿಂದ ಬರುವುದು? ಲ್ಯಾಕ್ಟಿಕ್ ಆಮ್ಲವು ಸ್ನಾಯುವಿನಲ್ಲಿ ಕೂಡಿಕೊಳ್ಳುವುದರಿಂದ ಎಂಬ ಮಾತನ್ನು ಇಂದಿಗೂ ಕೇಳುವುದುಂಟು. ಆದರೆ ಅದು ಓಟ ನಿಂತ ಒಂದೆರಡು ಗಂಟೆಗಳೊಳಗೇ ರಕ್ತದಿಂದ ತೊಲಗುವುದು. ನೋವಾದರೋ ಮರುದಿನ ಬಂದು ಮೂರನೆಯ ದಿನದವರೆಗೆ ಏರುವುದು. ದುಡಿದ ಮರುದಿನ ಬರುವ ಈ ನೋವಿಗೆ ಸ್ನಾಯುವಿನ ಒಳಗಿನ ಸಣ್ಣ ಹರಿತಗಳೇ ಕಾರಣವೆಂದು ೧೯೦೨ರಲ್ಲಿಯೇ ಅಮೆರಿಕದ ಥಿಯೊಡೋರ್ ಹಫ್ ಎಂಬಾತನು ಊಹಿಸಿದ್ದನು. ಇಳಿಜಾರಿನಲ್ಲಿ ಓಡುವಾಗ ಇಂತಹ ಹರಿತಗಳು ಹೆಚ್ಚು. ತುಂಬಿದ ಕೊಡವನ್ನು ಬಾವಿಯಿಂದ ಸೇದುವುದಕ್ಕಿಂತ, ಭಾರವಾದುದನ್ನು ಹಗ್ಗದಲ್ಲಿ ಹಿಡಿದು ಮೆಲ್ಲಗೆ ಇಳಿಬಿಡುವಾಗ ಅಂಗೈ ಉರಿಯುವುದಷ್ಟೆ. ಹಾಗೆಯೇ, ಮೈಭಾರವನ್ನು ತಡೆಯುತ್ತಲೇ ಉದ್ದವಾಗಬೇಕಾದ ತೊಡೆಯ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಬಿಡುವುವು. ಮೆಟ್ಟಿಲನ್ನು ಹತ್ತುವಾಗ ಅಷ್ಟಾಗಿ ನೋಯದ ಕಾಲು ಇಳಿಯುವಾಗ ನೋಯುವುದೂ, ಹಿಂದುಮುಂದಾಗಿ ಇಳಿದರೆ ನೋವು ಕಡಮೆಯಾಗುವುದೂ ಇದೇ ಕಾರಣದಿಂದ.

ಎಳೆ ಬಿಟ್ಟ ಕೂಡಲೆ ದೇಹವು ಅಲ್ಲಿಗೆ ಕೆಲಸಗಾರರನ್ನು ಕಳುಹಿಸುವುದು. ಬಿಳಿಯ ರಕ್ತಕಣಗಳು ಬಂದು ಮುರಿದುದನ್ನು ಗುಡಿಸುವುವು, ಕೆಡವಬೇಕಾದುದನ್ನು ಕೆಡವುವುವು. ಆ ಕೆಲಸಕ್ಕೂ ಅವು ಕಿಡಿಗಳನ್ನೇ ಬಳಸುವುವು. ಆಗ ಬಾವು, ಬಿಸಿ, ನೋವುಗಳು ತೋರುವುವು. ಇದಕ್ಕೆ ಉರಿಯೂತವೆಂದು ಹೆಸರು. ಅನಂತರ ಹೊಸ ಎಳೆ ಕಟ್ಟುವುದು. ಹೀಗೆ ಒಮ್ಮೆ ದುರಸ್ತಾದ ಸ್ನಾಯು ಕೆಲವು ವಾರಗಳ ಮೇಲೆ ಅದೇ ಕೆಲಸಕ್ಕೆ ಇಳಿದರೆ ಮೊದಲಿನಷ್ಟು ನೋಯುವುದಿಲ್ಲ. ಓಟವನ್ನು ಅಭ್ಯಾಸ ಮಾಡಿದ ಯಾರಾದರೂ ಇದನ್ನು ಮೈಯಿಂದಲೇ ಬಲ್ಲರು.

ಈ ನೋವನ್ನು ಜೀವಸತ್ವದ ಮಾತ್ರೆಗಳು ಕಡಮೆ ಮಾಡುವುವೆ? ೨೦೦೬ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾದ ಪರೀಕ್ಷೆಯೊಂದರಲ್ಲಿ ತರುಣರನ್ನು ಇಳಿಜಾರಿನ ಓಟಕ್ಕೆ ಹಚ್ಚಿ, ಕೆಲವರಿಗೆ ‘ಸಿ’ ಜೀವಸತ್ವವನ್ನು ಕೊಟ್ಟಿದ್ದರು. ಅವರ ನೋವು ಕಡಮೆಯಾಗಲಿಲ್ಲ; ಅಷ್ಟೇ ಅಲ್ಲ, ಸ್ನಾಯುವಿನ ಬಲ ಮರಳುವುದು ತಡವಾಗುವಂತೆ ತೋರಿತು. ೨೦೧೭ರಲ್ಲಿ ಕಾಕ್ರೇನ್ ಎಂಬ ವೈದ್ಯ ಸಂಶೋಧಕರ ಸಂಘದವರು ಇಂತಹ ೫೦ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗಿದರು. ೧೦೮೯ ಮಂದಿಯ ಲೆಕ್ಕ ಅದು. ಉತ್ಕರ್ಷಣ ನಿರೋಧಕಗಳಿಂದ ನೋವಿನಲ್ಲಿ ಆದ ವ್ಯತ್ಯಾಸ, ಮನುಷ್ಯನ ಅನುಭವಕ್ಕೆ ಬರುವಷ್ಟೂ ಇಲ್ಲವೆಂದು ಅವರು ತೀರ್ಮಾನಿಸಿದರು.

ತರುಣನು ಇಷ್ಟನ್ನು ಓದಿದ ದಿನ, ಹಣ ಹೋಯಿತಷ್ಟೆ ಎಂದುಕೊಂಡು ಸುಮ್ಮನಿದ್ದನು. ಮುಂದಿನದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

೨೦೦೮ರಲ್ಲಿ ಸ್ಪೇನಿನ ವೆಲೆನ್ಸಿಯದ ವಿಜ್ಞಾನಿಗಳು, ವ್ಯಾಯಾಮದ ಜೊತೆಗೆ ‘ಸಿ’ ಜೀವಸತ್ವವನ್ನು ಹೆಚ್ಚಾಗಿ ಕೊಟ್ಟ ಇಲಿಗಳ ಸ್ನಾಯುಗಳಲ್ಲಿ ಹೊಸ ಒಲೆಗಳು, ಎಂದರೆ ಮೈಟೊಕಾಂಡ್ರಿಯಗಳು, ಹುಟ್ಟುವುದಕ್ಕೆ ತಡೆಯಾಗುವುದೆಂದೂ ಅವುಗಳ ಓಡುವ ತಾಳ್ಮೆ ಬೆಳೆಯಬೇಕಾದಷ್ಟು ಬೆಳೆಯುವುದಿಲ್ಲವೆಂದೂ ವರದಿ ಮಾಡಿದರು. ೨೦೦೯ರಲ್ಲಿ ಜರ್ಮನಿಯ ಮಿಖಾಯೆಲ್ ರಿಸ್ಟೋ ಮತ್ತು ಜೊತೆಯವರು ಸುಮಾರು ೪೦ ಮಂದಿ ತರುಣರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಅರ್ಧದಷ್ಟು ಜನಕ್ಕೆ ದಿನಕ್ಕೆ ೧೦೦೦ ಮಿಲಿಗ್ರಾಂ ‘ಸಿ’ಯನ್ನೂ ೪೦೦ ಮಾನಗಳಷ್ಟು ‘ಇ’ಯನ್ನೂ ಕೊಟ್ಟರು. ವ್ಯಾಯಾಮದಿಂದ ದೇಹವು ಇನ್ಸುಲಿನ್ನಿಗೆ ಚೆನ್ನಾಗಿ ಓಗೊಡುವಂತಾಗುವುದು ಒಂದು ದೊಡ್ಡ ಲಾಭ. ಆ ಲಾಭ ಮಾತ್ರೆ ನುಂಗದವರಿಗೆ ಮಾತ್ರ ದೊರೆಯಿತು. ಕಿಡಿಗಳನ್ನು ಆರಿಸಲು ದೇಹದಲ್ಲಿಯೇ ಕಾವಲುಗಾರರುಂಟು. ಅವುಗಳಲ್ಲೊಂದನ್ನು ೧೯೬೯ರಲ್ಲಿ ಮೆಕಾರ್ಡ್, ಫ್ರಿಡೊವಿಚ್ ಎಂಬವರು ಅಮೆರಿಕದಲ್ಲಿ ಕಂಡುಹಿಡಿದಿದ್ದರು. ವ್ಯಾಯಾಮದಿಂದ ಆ ಕಾವಲು ಬಲಗೊಂಡುದೂ ಮಾತ್ರೆ ನುಂಗದವರಲ್ಲಿಯೇ.

ಈ ಪರೀಕ್ಷೆಗಳಿಂದ ಹೊರಪಟ್ಟ ತಾತ್ಪರ್ಯವಿಷ್ಟು: ಕಿಡಿಯು ಬರಿಯ ಕಳ್ಳನಲ್ಲ, ಅದು ಓಲೆಕಾರನೂ ಹೌದು. ‘ಇಲ್ಲಿ ದುಡಿತ ಹೆಚ್ಚಿತು, ಒಲೆ ಸಾಲದು, ಕಾವಲು ಸಾಲದು, ಇನ್ನಷ್ಟು ಕಟ್ಟಿರಿ’ ಎಂಬ ಓಲೆಯನ್ನು ಅದು ಜೀವಕೋಶದ ಒಳಮನೆಗೆ ಒಯ್ಯುವುದು. ಓಲೆಯನ್ನು ಓದಿದ ಮೇಲೆ ದೇಹವು ಕಟ್ಟತೊಡಗುವುದು. ಹೊರಗಿನಿಂದ ತಂದ ಮಾತ್ರೆಯು ಓಲೆಕಾರನನ್ನು ಬಾಗಿಲಲ್ಲಿಯೇ ಅಡ್ಡಗಟ್ಟಿದರೆ ಒಳಗಿನವರಿಗೆ ಸುದ್ದಿಯೇ ತಿಳಿಯದು. ಪಾಠ ಹೇಳುವವರಿಗೆ ಇದನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು. ಹುಡುಗನಿಗೆ ಲೆಕ್ಕ ಕಷ್ಟವೆಂದು ಮನೆಯ ಮೇಷ್ಟರೇ ಲೆಕ್ಕವನ್ನೆಲ್ಲ ಮಾಡಿಕೊಟ್ಟರೆ, ಪುಸ್ತಕದಲ್ಲಿ ತಪ್ಪಿರುವುದಿಲ್ಲ. ಹುಡುಗನಿಗೆ ಲೆಕ್ಕವೂ ಬರುವುದಿಲ್ಲ.

ಆದರೆ ಒಂದು ಕಡೆಯ ವಾದವನ್ನೇ ಹೇಳಿ ನಿಲ್ಲಿಸುವುದು ನ್ಯಾಯವಲ್ಲ. ವೆಲೆನ್ಸಿಯದವರ ಪರೀಕ್ಷೆಯಲ್ಲಿ ಇಲಿಗಳಲ್ಲಿ ಕಂಡಷ್ಟು ಸ್ಪಷ್ಟವಾದ ಅಂತರ ಮನುಷ್ಯರಲ್ಲಿ ಕಾಣಲಿಲ್ಲ. ೨೦೧೪ರಲ್ಲಿ ನಾರ್ವೆಯಲ್ಲಿ ೫೪ ಮಂದಿ ತರುಣ ತರುಣಿಯರನ್ನು ೧೧ ವಾರ ಅಭ್ಯಾಸ ಮಾಡಿಸಿ ನೋಡಿದಾಗ, ಮಾತ್ರೆ ನುಂಗಿದವರೂ ನುಂಗದವರೂ ಓಟದಲ್ಲಿ ಒಂದೇ ಸಮನಾಗಿ ಮುಂದುವರಿದರು. ಸ್ನಾಯುವಿನ ತುಣುಕನ್ನು ತೆಗೆದು ಪರೀಕ್ಷಿಸಿದಾಗ ಮಾತ್ರ, ಒಲೆಗಳ ವೃದ್ಧಿಯನ್ನು ಸೂಚಿಸುವ ಒಂದು ಗುರುತು ನುಂಗದವರಲ್ಲಿ ಏರಿ, ನುಂಗಿದವರಲ್ಲಿ ಏರದೆ ನಿಂತಿತ್ತು. ಆದುದರಿಂದ ಈ ಮಾತ್ರೆಗಳು ಓಟಗಾರನನ್ನು ಕೆಡಿಸಿಯೇ ಬಿಡುವುವೆಂದರೆ ಅದು ಅತಿಶಯೋಕ್ತಿ. ನೋವಿಗೆ ಉಪಕಾರವಿಲ್ಲ, ಅಭ್ಯಾಸದ ಫಲಕ್ಕೆ ಅಪಕಾರವಾಗುವ ಶಂಕೆಯುಂಟು, ಎಂದರೆ ಸಾಕು. ಇವೆಲ್ಲ ನೂರಾರು ಮಿಲಿಗ್ರಾಮುಗಳ ದೊಡ್ಡ ಪ್ರಮಾಣದ ಮಾತೆಂಬುದನ್ನೂ ನೆನಪಿನಲ್ಲಿಡಬೇಕು. ಮನುಷ್ಯನಿಗೆ ದಿನಕ್ಕೆ ಬೇಕಾದ ‘ಸಿ’ ಜೀವಸತ್ವ ನೂರು ಮಿಲಿಗ್ರಾಮಿಗೂ ಕಡಮೆ. ಒಂದು ಸೀಬೆಹಣ್ಣು, ಒಂದು ನೆಲ್ಲಿಕಾಯಿ, ಊಟದ ಎಲೆಯ ಕೊನೆಯಲ್ಲಿನ ನಿಂಬೆಯ ಹೋಳು, ಇವುಗಳಿಂದ ಅದು ಯಾವ ಸದ್ದೂ ಇಲ್ಲದೆ ಒದಗುವುದು. ಹಣ್ಣು ತಿಂದವನ ಓಲೆಕಾರನನ್ನು ಯಾರೂ ತಡೆದುದು ಕಂಡಿಲ್ಲ.

ತರುಣನು ಸೀಸೆಗಳನ್ನು ಕಿಟಕಿಯಿಂದ ತೆಗೆದುಬಿಟ್ಟನು. ಹೊಸದಾಗಿ ತಿಳಿದುಕೊಂಡವನ ಉತ್ಸಾಹಕ್ಕೆ ಎಲ್ಲೆಯಿರುವುದಿಲ್ಲ. ಆ ರಾತ್ರಿ ಊಟಕ್ಕೆ ಕುಳಿತಾಗ, ಇಲಿಗಳಿಂದ ಹಿಡಿದು ನಾರ್ವೆಯವರೆಗೆ ಎಲ್ಲವನ್ನೂ ವಿವರಿಸಿ, “ಅಮ್ಮಾ, ಈ ಮಾತ್ರೆಗಳೆಲ್ಲ ವ್ಯರ್ಥ. ದೇಹಕ್ಕೆ ತನ್ನ ಕೆಲಸ ತಾನೇ ಮಾಡಿಕೊಳ್ಳಲು ಬರುತ್ತದೆ, ನಾವು ನಡುವೆ ಕೈ ಹಾಕಿ ಕೆಡಿಸುತ್ತೇವೆ” ಎಂದನು. ತಾಯಿ ಅನ್ನ ಬಡಿಸುತ್ತ ಎಲ್ಲವನ್ನೂ ಕೇಳಿದಳು. ಮಗನು ಓದಿದವನು, ತನ್ನ ಪ್ರಶ್ನೆಗೆ ಇಷ್ಟು ದೊಡ್ಡ ಉತ್ತರ ತಂದನಲ್ಲಾ ಎಂದು ಅವಳಿಗೆ ಸಂತೋಷವೂ ಆಯಿತು.

ಆರು ವಾರಗಳ ಮೇಲೆ ತಾಯಿಯ ರಕ್ತವನ್ನು ಮತ್ತೆ ಪರೀಕ್ಷಿಸುವ ದಿನ ಬಂದಿತು. ಮಗನೇ ಕರೆದುಕೊಂಡು ಹೋದನು. ಡಾಕ್ಟರರು ಕಾಗದವನ್ನು ನೋಡಿ ಹುಬ್ಬು ಗಂಟಿಕ್ಕಿ, “ಹಿಮೋಗ್ಲೋಬಿನ್ ಇಷ್ಟು ಹೊತ್ತಿಗೆ ಏರಬೇಕಾಗಿತ್ತಲ್ಲಮ್ಮ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?” ಎಂದು ಕೇಳಿದರು.

“ಇಲ್ಲ ಡಾಕ್ಟರೆ, ಬಿಟ್ಟುಬಿಟ್ಟೆ. ಮಾತ್ರೆಯಿಂದ ಏನೂ ಇಲ್ಲ, ದೇಹ ತಾನೇ ಸರಿಮಾಡಿಕೊಳ್ಳುತ್ತದೆ ಅಂತ ಇವನೇ ಓದಿ ಹೇಳಿದ” ಎಂದಳು ತಾಯಿ. ಅದರಲ್ಲಿ ದೂರಿನ ಲವಲೇಶವೂ ಇರಲಿಲ್ಲ. ಮಗನ ವಿದ್ಯೆಯನ್ನು ಬಲ್ಲವರ ಮುಂದೆ ಹೇಳಿಕೊಳ್ಳುವ ತಾಯಿಯ ದನಿ ಅದು.

ತರುಣನು ತಲೆ ತಗ್ಗಿಸಿದನು. ಈಚಿನ ದಿನಗಳಲ್ಲಿ ಅವಳು ಮಹಡಿಯನ್ನು ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದುದನ್ನು ಅವನು ಕಂಡಿದ್ದನು, ವಯಸ್ಸೆಂದು ಭಾವಿಸಿದ್ದನು. ಓಟಗಾರನಾದ ಅವನಿಗೆ, ಪ್ರಾಣವಾಯುವನ್ನು ಹೊತ್ತು ಮೈಯೆಲ್ಲ ತಿರುಗುವುದು ರಕ್ತದ ಹಿಮೋಗ್ಲೋಬಿನ್ನೇ ಎಂಬುದನ್ನೂ, ಅದನ್ನು ಕಟ್ಟುವುದಕ್ಕೆ ಕಬ್ಬಿಣಾಂಶ ಬೇಕೆಂಬುದನ್ನೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಲೆಗಳ ಮಾತನ್ನು ಅಷ್ಟು ಸೊಗಸಾಗಿ ಹೇಳಿದವನು, ಅದೇ ಮನೆಯಲ್ಲಿ ಒಂದು ಒಲೆಗೆ ಗಾಳಿಯೇ ಸಾಲದಿದ್ದುದನ್ನು ನೋಡಿರಲಿಲ್ಲ. ಅವನ ಮೈಯಲ್ಲಿ ಕೊರತೆಯಿರಲಿಲ್ಲ. ತಾಯಿಯ ಮೈಯಲ್ಲಿ ಇತ್ತು, ಅದನ್ನು ಅಳೆದೂ ನೋಡಿದ್ದರು. ಕೊರತೆಯಿದ್ದಲ್ಲಿ ಗುಣ ಕೊಡುವುದನ್ನು ಕೊರತೆಯಿಲ್ಲದೆಡೆಗೆ ತಂದವರ ತಪ್ಪನ್ನು ಕಂಡುಹಿಡಿದವನು, ಕೊರತೆಯಿಲ್ಲದೆಡೆಯಲ್ಲಿ ವ್ಯರ್ಥವಾದುದನ್ನು ಕೊರತೆಯಿದ್ದಲ್ಲಿಯೂ ವ್ಯರ್ಥವೆಂದು ಹೇಳಿದ್ದನು. ಉಪಾಧಿಯನ್ನು ಮರೆತವರು ಮಾತ್ರೆ ಮಾರುವವರು ಮಾತ್ರವೇ ಅಲ್ಲ.

“ತಪ್ಪು ನನ್ನದು. ನಾನು ಹೇಳಿದ್ದು ನನ್ನ ಮಾತ್ರೆಯ ಮಾತಮ್ಮ. ನಿನ್ನದು ಬೇರೆ” ಎಂದನು.

“ಅದನ್ನು ಆವತ್ತೇ ಹೇಳಬಾರದಾಗಿತ್ತೇನಪ್ಪಾ?” ಎಂದಳು ತಾಯಿ.

ಡಾಕ್ಟರರು ಮಾತ್ರೆಯನ್ನು ಮತ್ತೆ ಬರೆದುಕೊಟ್ಟು, ಅದನ್ನು ಕಾಫಿಯ ಜೊತೆಯಲ್ಲಿ ನುಂಗಬಾರದೆಂದೂ, ಊಟದಲ್ಲಿ ಸೊಪ್ಪು ಕಾಳುಗಳ ಜೊತೆಗೆ ನಿಂಬೆಯ ಹುಳಿ ಹಿಂಡಿಕೊಂಡರೆ ಒಳ್ಳೆಯದೆಂದೂ ಹೇಳಿದರು. ಕಾಫಿ ಟೀಗಳು ಕಬ್ಬಿಣಾಂಶವು ಮೈಗೆ ಹತ್ತುವುದನ್ನು ತಡೆಯುವುವು. ನಿಂಬೆಯೊಳಗಿನ ಸತ್ವವು ಸೊಪ್ಪು ಕಾಳುಗಳಲ್ಲಿನ ಕಬ್ಬಿಣಾಂಶವನ್ನು ಕರುಳು ಹೀರಿಕೊಳ್ಳುವಂತೆ ಮಾಡುವುದು. ಆ ಸತ್ವ ಯಾವುದೆಂದು ತರುಣನಿಗೆ ಗೊತ್ತಿತ್ತು. ಮೂರು ವರ್ಷ ಅವನು ಸಾವಿರ ಸಾವಿರ ಮಿಲಿಗ್ರಾಮುಗಳಾಗಿ ನುಂಗಿದ ‘ಸಿ’ ಜೀವಸತ್ವವೇ ಅದು. ಅವನಿಗೆ ಒಂದು ಕೆಲಸವನ್ನೂ ಮಾಡಿಕೊಡದ ವಸ್ತು, ಒಂದು ಹೋಳು ನಿಂಬೆಯಲ್ಲಿ ಕುಳಿತು ತಾಯಿಗೆ ಮಾಡಿಕೊಡಲು ಸಿದ್ಧವಾಗಿತ್ತು.

ಅಂದಿನಿಂದ ರಾತ್ರಿ ಊಟದ ಹೊತ್ತಿಗೆ ನಿಂಬೆಹಣ್ಣನ್ನು ಹೆಚ್ಚಿಡುವ ಕೆಲಸ ಮಗನದಾಯಿತು. ಎರಡು ತಿಂಗಳಲ್ಲಿ ತಾಯಿಯ ರಕ್ತ ಏರತೊಡಗಿತು. ಅವಳು ನಡುವೆ ನಿಲ್ಲದೆ ಮಹಡಿ ಹತ್ತಿ, ಒಣಗಿದ ಬಟ್ಟೆಯನ್ನು ತಾನೇ ತರುವಂತಾದಳು.

ಮರುವರ್ಷ ಅದೇ ನಗರದಲ್ಲಿ ಮತ್ತೆ ಓಟ ನಡೆಯಿತು. ಈ ಸಲ ತರುಣನು ಯಾವ ಮಾತ್ರೆಯನ್ನೂ ನುಂಗಿರಲಿಲ್ಲ. ವಾರಕ್ಕೆ ಸ್ವಲ್ಪ ಸ್ವಲ್ಪವೇ ದೂರವನ್ನು ಹೆಚ್ಚಿಸಿ, ಇಳಿಜಾರಿನಲ್ಲಿಯೂ ಅಭ್ಯಾಸ ಮಾಡಿ, ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ರೆ ಮಾಡಿ ಓಡಿದನು. ನೋವು ಬಂದಿತು, ಹಿಂದಿನ ಸಲಕ್ಕಿಂತ ಬೇಗ ಇಳಿಯಿತು. ಮಾತ್ರೆ ಬಿಟ್ಟುದರಿಂದ ಹಾಗಾಯಿತೆ, ಅಭ್ಯಾಸದಿಂದ ಆಯಿತೆ ಎಂದು ಜೊತೆಯವರು ಕೇಳಿದಾಗ, ಒಬ್ಬ ಮನುಷ್ಯನ ಎರಡು ತೊಡೆಗಳಿಂದ ಅದನ್ನು ನಿರ್ಣಯಿಸಲಾಗದೆಂದು ಹೇಳಿದನು. ಬೆನ್ನು ತಿರುಗಿಸಿ ನಿಲ್ಲುವ ಆ ದೂರದೇಶದ ಅಧಿಕಾರಿಯ ಭಯ ಅವನಿಗೆ ಹೋಗಿದೆಯೆಂದು ಹೇಳುವಂತಿಲ್ಲ. ಭಯಕ್ಕೆ ಮಾತ್ರೆಯಿಲ್ಲವೆಂಬುದಷ್ಟು ತಿಳಿದಿದೆ.

ಓಟ ಮುಗಿಸಿ ಅವನು ಮನೆಗೆ ಬಂದಾಗ ರಾತ್ರಿ ಬಹಳ ಹೊತ್ತಾಗಿತ್ತು. ಕುಂಟುತ್ತ ಒಳಗೆ ಬಂದು ಮೆಟ್ಟಿಲ ಕಡೆಗೆ ನೋಡಿದನು. ಹತ್ತುವುದು ಹೇಗೋ ಆದೀತು, ಬೆಳಗ್ಗೆ ಇಳಿಯುವುದು ಹೇಗೆಂದು ಯೋಚಿಸುತ್ತಿರುವಾಗ, ನಡುಮನೆಯ ದೀಪ ಕಂಡಿತು. ತಾಯಿ ಅವನ ಹಾಸಿಗೆಯನ್ನು ಮಹಡಿಯಿಂದ ತಂದು ಕೆಳಗೇ ಹಾಸಿಟ್ಟಿದ್ದಳು.